ಬ್ರೇಕ್ ಇಲ್ಲದ ತೆಪ್ಪ, ಅಪ್ಪನ ಬಲಗಾಲು

ನಮ್ಮಪ್ಪನ ಬಲಗಾಲನ್ನು ನೀವೊಮ್ಮೆ ನೋಡಬೇಕು. ಕಾರಿನಲ್ಲಿ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತಿರ್ತಾರೆ. ಎರಡೂ ಕೈ ತೊಡೆ ಮೇಲೆ, ಬಾಯಲ್ಲಿ ಒಂದು ಏಲಕ್ಕಿ. ನೋಡಿದವರಿಗೆ ತುಂಬಾ ಆರಾಮಾಗಿದ್ದಾರೆ ಅನ್ನಿಸುತ್ತೆ. ಆದರೆ ಮುಂದೆ ಒಂದು ಎಮ್ಮೆ ಅಡ್ಡ ಬಂದರೆ ಸಾಕು, ಆ ಬಲಗಾಲು ಕಾರಿನ ಮ್ಯಾಟನ್ನು ಜೋರಾಗಿ ಒತ್ತುತ್ತೆ. ಅಲ್ಲಿ ಬ್ರೇಕ್ ಇಲ್ಲ ಅಂತ ಅಪ್ಪನಿಗೂ ಗೊತ್ತು, ಕಾಲಿಗೆ ಗೊತ್ತಿಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಬಸ್ ಓಡಿಸಿದ ಕಾಲು ಅದು. ಅಪ್ಪ ನಿವೃತ್ತರಾಗಿ ನಾಲ್ಕು ವರ್ಷವಾಯ್ತು. ಕಾಲಿಗೆ ಮಾತ್ರ ರಿಟೈರ್‌ಮೆಂಟ್ ಆರ್ಡರ್ ಇನ್ನೂ ತಲುಪಿಲ್ಲ.

ಗಣರಾಜ್ಯೋತ್ಸವ ಸೋಮವಾರ ಬಂದು ಶನಿವಾರ, ಭಾನುವಾರ ಸೇರಿ ಮೂರು ದಿನ ರಜೆ ಸಿಕ್ಕಿತ್ತಲ್ಲ, ಆಗ ಅಪ್ಪ ಅವ್ವನನ್ನು ಕರೆದುಕೊಂಡು ನಮ್ಮ ಸೀಮೆಯಲ್ಲೇ ಒಂದು ಟೂರ್ ಹೊರಟೆ. ಮನೆ ಇರೋದು ಕೊಳ್ಳೇಗಾಲದಲ್ಲಿ, ನಾನಿರೋದು ಬೆಂಗಳೂರಿನಲ್ಲಿ. ಮೊದಲ ದಿನ ಯಳಂದೂರು ದಾಟಿ ಬಿಳಿಗಿರಿರಂಗನ ಬೆಟ್ಟ, ಎರಡನೇ ದಿನ ಹನೂರು ಮೇಲೆ ಮಾದಪ್ಪನ ಬೆಟ್ಟ, ಮೂರನೇ ದಿನ ಹೊಗೇನಕಲ್. ವಿಮಾನ ಇಲ್ಲ, ರೆಸಾರ್ಟ್ ಇಲ್ಲ. ಆದರೂ ಎಷ್ಟೋ ದಿನದಿಂದ ತಲೆಯಲ್ಲಿ ಕೊರೆಯುತ್ತಿದ್ದ ಒಂದು ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಿತು. ರಜೆ ಹಾಕಿ ಹೊರಟ ಮನುಷ್ಯ ನಿಜವಾಗಿ ಆರಾಮಾಗೋದು ಯಾವಾಗ?

ಹಡಗಿನಲ್ಲಿ ಮೂರು ರಾತ್ರಿ

ಈ ಪ್ರಶ್ನೆ ಹುಟ್ಟಿದ್ದು ಸಮುದ್ರದ ಮೇಲೆ. ಎರಡು ವರ್ಷದ ಹಿಂದೆ ಕಾಲೇಜಿನ ಗೆಳೆಯರು ನಾಲ್ಕು ಜನ ಸೇರಿ ಮುಂಬೈನಿಂದ ಗೋವಾ ಕಡೆ ಹೋಗಿಬರುವ ಕ್ರೂಸ್ ಬುಕ್ ಮಾಡಿದ್ದೆವು. ಮೂರು ರಾತ್ರಿ, ಊಟ ತಿಂಡಿ ಎಲ್ಲ ಅದರಲ್ಲೇ. ಹಡಗು ಹತ್ತಿದ ಕೂಡಲೇ ಹಾಯಾಗಿಬಿಡ್ತೀವಿ ಅಂತ ಲೆಕ್ಕ ಹಾಕಿದ್ದೆವು.

ಮೊದಲ ಸಂಜೆ ಯಾರ ಮುಖದಲ್ಲೂ ರಜೆಯ ಕಳೆ ಇರಲಿಲ್ಲ. ಚೆಕ್-ಇನ್ ಸಾಲು, ಬ್ಯಾಗು ಕೋಣೆಗೆ ಬಂತೋ ಇಲ್ಲವೋ ಅನ್ನೋ ಚಿಂತೆ, ಯಾವ ಡೆಕ್‌ನಲ್ಲಿ ಏನಿದೆ ಅಂತ ಹುಡುಕಾಟ. ಅಷ್ಟರಲ್ಲಿ ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಸೀಟಿ ಕೂಗಿತು. ತುರ್ತು ಸಂದರ್ಭದ ಕವಾಯತು ಅದು. 2012ರ ಜನವರಿ 13ರಂದು ಇಟಲಿ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯ ಅನ್ನೋ ಹಡಗು ಬಂಡೆಗೆ ತಗುಲಿ 32 ಜನ ತೀರಿಕೊಂಡರು. ಅವತ್ತೇ ಹತ್ತಿದ್ದ ಎಷ್ಟೋ ಪ್ರಯಾಣಿಕರಿಗೆ ಆ ಹೊತ್ತಿಗೆ ಕವಾಯತೇ ಆಗಿರಲಿಲ್ಲ, ಯಾಕಂದ್ರೆ ಆಗಿನ ನಿಯಮ 24 ಗಂಟೆಯ ಸಮಯ ಕೊಡುತ್ತಿತ್ತು. 2015ರಿಂದ ಅದು ಬದಲಾಗಿ, ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಮಾಡಲೇಬೇಕು ಅಂತಾಯ್ತು. ಹಾಗಾಗಿ ಈಗ ಕ್ರೂಸ್ ರಜೆ ಶುರುವಾಗೋದೇ ಮುಳುಗಿದರೆ ಏನು ಮಾಡಬೇಕು ಅನ್ನೋ ಪಾಠದಿಂದ.

ಎರಡನೇ ದಿನ ಬೇರೆ ಥರದ ಕೆಲಸ. ದುಡ್ಡು ಕೊಟ್ಟಿದ್ದೀವಿ, ಎಲ್ಲಾ ನೋಡಲೇಬೇಕು. ಈಜುಕೊಳ, ಶೋ, ಬಫೆ, ಮತ್ತೆ ಬಫೆ. ನಾನಂತೂ ಸಮುದ್ರದ ಮಧ್ಯೆ ನೆಟ್‌ವರ್ಕ್ ಹೋಗುತ್ತೆ ಅಂತ ಗಾಬರಿಯಾಗಿ ಹಡಗಿನ ವೈ-ಫೈ ಪ್ಯಾಕ್ ತಗೊಂಡೆ. ರಜೆಗೆ ಒಂದು ದುಡ್ಡು, ಆ ರಜೆ ಕೆಡಿಸಿಕೊಳ್ಳೋಕೆ ಇನ್ನೊಂದು ದುಡ್ಡು! ಡೆಕ್‌ನ ಕುರ್ಚಿಯಲ್ಲಿ ಕೂತು ಆಫೀಸಿನ ಮೆಸೇಜುಗಳನ್ನ ಓದಿದೆ. ಒಂದಕ್ಕೂ ನನ್ನ ಉತ್ತರ ಬೇಕಾಗಿರಲಿಲ್ಲ.

ನಾನು ಸಡಿಲಾಗಿದ್ದು ಕೊನೇ ರಾತ್ರಿ. ಮರುದಿನ ಬೆಳಿಗ್ಗೆ ಇಳಿಯೋರು ಹಿಂದಿನ ರಾತ್ರಿಯೇ ಸೂಟ್‌ಕೇಸ್ ಕೋಣೆಯ ಬಾಗಿಲ ಹೊರಗಿಡಬೇಕಿತ್ತು, ಸಿಬ್ಬಂದಿ ಬಂದು ತಗೊಂಡು ಹೋಗ್ತಾರೆ. ಇಟ್ಟೆ. ತಗೊಂಡು ಹೋದರು. ಕೈಯಲ್ಲಿ ಒಂದು ಚಿಕ್ಕ ಬ್ಯಾಗು, ಮೈಮೇಲೆ ಒಂದು ಟೀ ಶರ್ಟು. ವೈ-ಫೈ ಪ್ಯಾಕೂ ಮುಗಿದಿತ್ತು. ಮೇಲೆ ಹೋಗಿ ರಾತ್ರಿ ಒಂದು ಗಂಟೆಯವರೆಗೆ ಸುಮ್ಮನೆ ಕತ್ತಲು ನೀರನ್ನು ನೋಡ್ತಾ ಕೂತೆ. ಬೆಳಿಗ್ಗೆ ಮುಂಬೈ ಕಂಡಿತು, ಫೋನು ಒಂದೇ ಸಮ ಬಡಿದುಕೊಳ್ಳೋಕೆ ಶುರುಮಾಡಿತು. ಮೂರು ರಾತ್ರಿಯ ರಜೆಯಲ್ಲಿ ನನಗೆ ದಕ್ಕಿದ್ದು ನಾಲ್ಕು ಗಂಟೆ.

ಎಂಟನೇ ದಿನ ಎಲ್ಲಿಂದ ತರೋದು?

ಇದು ನನ್ನೊಬ್ಬನ ಕಾಯಿಲೆಯೇ ಅಂತ ಹುಡುಕಿದೆ. ನೆದರ್ಲೆಂಡ್ಸ್‌ನಲ್ಲಿ ಜೆಸ್ಸಿಕಾ ಡಿ ಬ್ಲೂಮ್ ಮತ್ತು ಸಂಗಡಿಗರು 54 ಉದ್ಯೋಗಿಗಳನ್ನು ಅವರ ದೀರ್ಘ ರಜೆಯುದ್ದಕ್ಕೂ ಗಮನಿಸಿದ್ದಾರೆ. ಸರಾಸರಿ 23 ದಿನದ ರಜೆ ಅದು. ಆರೋಗ್ಯ, ನೆಮ್ಮದಿ ಏರುತ್ತಾ ಹೋಗಿ ಉತ್ತುಂಗ ಮುಟ್ಟಿದ್ದು ಎಂಟನೇ ದಿನ. ಕೆಲಸಕ್ಕೆ ವಾಪಸಾದ ಮೊದಲ ವಾರದಲ್ಲೇ ಎಲ್ಲ ಮೊದಲಿನ ಮಟ್ಟಕ್ಕೆ ಇಳಿದಿತ್ತು.

ಅದೇ ದೇಶದ 1,530 ಜನರ ಮೇಲೆ ಯೆರೂನ್ ನವೈನ್ ತಂಡ 2010ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಇದೆ. ರಜೆಗೆ ಹೋಗುವವರು ಹೊರಡುವ ಮೊದಲೇ ಖುಷಿಯಾಗಿರ್ತಾರಂತೆ. ವಾಪಸ್ ಬಂದ ಮೇಲೆ ಮನೆಯಲ್ಲೇ ಉಳಿದವರಿಗೂ ಇವರಿಗೂ ಹೆಚ್ಚು ವ್ಯತ್ಯಾಸ ಇಲ್ಲ. ರಜೆ ತುಂಬಾ ಆರಾಮಾಗಿತ್ತು ಅಂದವರಲ್ಲಿ ಮಾತ್ರ ಆ ಖುಷಿ ಒಂದಷ್ಟು ದಿನ ಉಳಿದಿತ್ತು.

ಎಂಟನೇ ದಿನ! ನಮ್ಮಲ್ಲಿ ಯಾರಿಗೆ ಎಂಟು ದಿನ ರಜೆ ಸಿಗುತ್ತೆ ಹೇಳಿ? ಸಿಕ್ಕರೂ ಅದರಲ್ಲಿ ಮೂರು ದಿನ ಯಾರದ್ದೋ ಮದುವೆ, ಎರಡು ದಿನ ಬ್ಯಾಂಕು, ಆಧಾರ್ ತಿದ್ದುಪಡಿ. ನಮಗೆ ಇರೋದು ಲಾಂಗ್ ವೀಕೆಂಡು. ಹಾಗಾದರೆ ನಮ್ಮಂಥವರು ಆರಾಮಾಗೋ ಬಗೆ ಹೇಗೆ?

ಕಾಡಿನ ದಾರಿಯ ಡ್ರೈವರ್

ಕಳೆದ ವರ್ಷ ಮೇ ತಿಂಗಳಲ್ಲಿ ಅಪ್ಪನಿಗೆ ಎದೆನೋವು ಬಂತು. ಮೈಸೂರಿಗೆ ಕರೆದೊಯ್ದೆವು, ಸ್ಟೆಂಟ್ ಹಾಕಿದರು. ಆ ರಾತ್ರಿ ಐಸಿಯು ಹೊರಗಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು ನಾನು ಒಂದು ಪ್ರೊಡಕ್ಷನ್ ಇಶ್ಯೂ ನೋಡ್ತಾ ಕೂತಿದ್ದೆ. ಆ ವಾರ ಆನ್‌ಕಾಲ್ ನನ್ನದಿತ್ತು. ಅಪ್ಪ ಆಸ್ಪತ್ರೆಯಲ್ಲಿದ್ದಾರೆ ಅಂತ ಒಂದು ಮೆಸೇಜ್ ಹಾಕಿದ್ದರೆ ಟೀಮಿನಲ್ಲಿ ಯಾರಾದರೂ ತಗೊಳ್ತಿದ್ದರು. ನಾನು ಹಾಕಲೇ ಇಲ್ಲ. ಯಾಕೆ ಹಾಕಲಿಲ್ಲ ಅಂತ ಇವತ್ತಿಗೂ ನನಗೆ ಸರಿಯಾದ ಉತ್ತರ ಇಲ್ಲ. ಅವ್ವ ಪಕ್ಕದಲ್ಲಿ ಕೂತು ಸ್ಕ್ರೀನನ್ನೇ ನೋಡ್ತಿದ್ದಳು, ಏನೂ ಅನ್ನಲಿಲ್ಲ.

ಡಿಸ್ಚಾರ್ಜ್ ದಿನ ಡಾಕ್ಟರು ಮಾತ್ರೆ ಎಲ್ಲ ಹೇಳಿ ಕೊನೆಗೆ, ‘ಇನ್ಮೇಲೆ ಆರಾಮಾಗಿರಿ, ಟೆನ್ಷನ್ ತಗೋಬೇಡಿ’ ಅಂದರು. ಕಾರು ಟಿ. ನರಸೀಪುರ ದಾಟುವಾಗ ಅಪ್ಪ ನನ್ನ ಕೇಳಿದ್ರು:

‘ಆರಾಮಾಗಿರದು ಅಂದ್ರ ಏನ್ ಮಾಡದು ಮಗ?’

ನನಗೆ ನಗು ಬಂತು, ಆಮೇಲೆ ಬರಲಿಲ್ಲ. ಯಾಕಂದ್ರೆ ನನಗೂ ಗೊತ್ತಿರಲಿಲ್ಲ.

ಅಪ್ಪನ ಕಾಲು ಯಾಕೆ ಹಾಗಾಯ್ತು ಅಂತ ನಮ್ಮ ಸೀಮೆಯವರಿಗೆ ವಿವರಿಸಬೇಕಿಲ್ಲ, ಬೇರೆಯವರಿಗೆ ಹೇಳ್ತೀನಿ. ಅಪ್ಪ ಹೆಚ್ಚು ವರ್ಷ ಓಡಿಸಿದ್ದು ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟಕ್ಕೆ. ಸುಮಾರು 80 ಕಿಲೋಮೀಟರು, ಅದರಲ್ಲಿ ತಾಳಬೆಟ್ಟದಿಂದ ಮೇಲೆ ಪೂರ್ತಿ ಘಾಟಿ. ಒಂದು ಕಡೆ ಕಲ್ಲು, ಇನ್ನೊಂದು ಕಡೆ ಕಮರಿ, ಮುಂದೆ ಪಾದಯಾತ್ರೆಯವರು. ಅಮಾವಾಸ್ಯೆಗೆ ಬಸ್ಸಿನೊಳಗೆ ಕಾಲಿಡೋಕೆ ಜಾಗ ಇರ್ತಿರಲಿಲ್ಲ.

ಇದರ ಮೇಲೆ ವೀರಪ್ಪನ್ ಕಾಲ. 1993ರ ಏಪ್ರಿಲ್ 9ರಂದು ಪಾಲಾರ್ ಹತ್ತಿರ ನೆಲಬಾಂಬ್ ಸಿಡಿದು 22 ಮಂದಿ ಸತ್ತರು. 2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ಹೊತ್ತೊಯ್ದಾಗ ನಾನು ಅಂಗನವಾಡಿಯ ವಯಸ್ಸಿನವನು. 108 ದಿನ ಮನೆಯಲ್ಲಿ ಅದೇ ಮಾತು. 2002ರ ಆಗಸ್ಟ್ 25ರಂದು ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಅಪಹರಿಸಿದ್ದು ಕಾಮಗೆರೆಯಿಂದ, ಅಂದರೆ ಅಪ್ಪನ ಬಸ್ಸು ದಿನಾ ಹಾದುಹೋಗುತ್ತಿದ್ದ ಊರಿಂದ. ಡಿಸೆಂಬರ್‌ನಲ್ಲಿ ಅವರ ಶವ ಸಿಕ್ಕಿತು. 2004ರ ಅಕ್ಟೋಬರ್ 18ಕ್ಕೆ ವೀರಪ್ಪನ್ ಸತ್ತ ಸುದ್ದಿ ಬರುವವರೆಗೆ ಅವ್ವ ಪ್ರತಿ ಸಂಜೆ ಹಟ್ಟಿ ಬಾಗಿಲಲ್ಲಿ ನಿಂತಿರ್ತಿದ್ದಳು. ಬಸ್ಸು ತುಂಬ ಜನರ ಜೀವ ಅಪ್ಪನ ಕೈಯಲ್ಲಿ, ಅಪ್ಪನ ಜೀವ ಯಾರ ಕೈಯಲ್ಲೋ. ಅಷ್ಟು ವರ್ಷ ಹಾಗೆ ಕೂತ ಮೈಗೆ ಡಾಕ್ಟರು ಒಂದೇ ಮಾತಿನಲ್ಲಿ ಆರಾಮಾಗಿರಿ ಅಂದುಬಿಟ್ಟರೆ ಹೇಗೆ?

ಮೊದಲ ದಿನ: ಯಾರೂ ಆರಾಮಾಗಲಿಲ್ಲ

ಶನಿವಾರ ಬೆಳಿಗ್ಗೆ ನಾಲ್ಕಕ್ಕೇ ಅಡುಗೆಮನೆಯ ಲೈಟು ಹತ್ತಿತ್ತು. ‘ಅವ್ವ, ದಾರಿಲಿ ಹೋಟ್ಲು ಇರ್ತದ’ ಅಂದೆ. ‘ಹೋಟ್ಲು ಊಟ ನಿಮ್ಮಪ್ಪಂಗ ಆಗದಿಲ್ಲ’ ಅಂತ ಚಿತ್ರಾನ್ನ, ಚಪಾತಿ, ಮೊಸರನ್ನ ಮೂರು ಡಬ್ಬಿ ಕಟ್ಟಿದಳು. ಅಪ್ಪ ನಾಲ್ಕೂ ಟೈರಿಗೆ ಒದ್ದು ನೋಡಿ, ಬಾನೆಟ್ ತೆಗೆಸಿ, ಇಂಜಿನ್ ಆಯಿಲ್ ಕಡ್ಡಿ ಒರೆಸಿ ನೋಡಿದರು. ನಾನು ಲ್ಯಾಪ್‌ಟಾಪ್ ಬ್ಯಾಗನ್ನು ಸೀಟಿನ ಕೆಳಗೆ ತೂರಿಸಿದೆ. ಲೀವ್ ಹಾಕಿದ್ದರೂ ಆನ್‌ಕಾಲ್ ಪಟ್ಟಿಯಲ್ಲಿ ಎರಡನೇ ಹೆಸರು ನನ್ನದೇ ಇತ್ತು. ಇರಲಿ ಬಿಡಿ, ನೋಡ್ಕೋತೀನಿ ಅಂದಿದ್ದೆ. ಮೂರು ಜನ, ಮೂರು ಥರದ ಹೊರೆ.

ಯಳಂದೂರಿನಲ್ಲಿ ಗೌರೀಶ್ವರ ಗುಡಿಯ ಬಳೇಮಂಟಪ ನೋಡಿದೆವು. ಕಲ್ಲಿನಲ್ಲೇ ಕಡೆದ ಸರಪಳಿಯ ಬಳೆಗಳು. ಈ ಯಳಂದೂರನ್ನು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟಿದ್ದರು. ಹೈದರ್, ಟಿಪ್ಪು, ಆಮೇಲೆ ಮೈಸೂರು ಅರಸರು ಅಂತ ಮೂವರ ಕಾಲದಲ್ಲೂ ದುಡಿದ ಮನುಷ್ಯ. ಜಹಗೀರು ಬಂದ ಮೇಲೂ ಅವರು ಕೆಲಸ ಬಿಡಲಿಲ್ಲ. 1811ರಲ್ಲಿ ಬಿಟ್ಟರು, 1812ರಲ್ಲಿ ತೀರಿಕೊಂಡರು. ಇದನ್ನು ಹೇಳಿದಾಗ ಅಪ್ಪ ಒಂದು ಕ್ಷಣ ಸುಮ್ಮನಿದ್ದು, ‘ಪಾಪ, ಒಂದ್ ವರ್ಷ ಪೆನ್ಷನ್ನೂ ಉಣ್ಲಿಲ್ವ’ ಅಂದ್ರು.

ಬೆಟ್ಟದ ರಸ್ತೆ ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಹೋಗುತ್ತೆ. ಕಾಡಿನ ಮಧ್ಯೆ ಗಾಡಿ ನಿಲ್ಲಿಸೋ ಹಾಗಿಲ್ಲ, ಕತ್ತಲಾಗೋ ಮೊದಲು ಚೆಕ್‌ಪೋಸ್ಟ್ ದಾಟಬೇಕು. ಅಪ್ಪನಿಗೆ ಅಷ್ಟೇ ಸಾಕಾಯ್ತು. ಮಧ್ಯಾಹ್ನ ಹನ್ನೆರಡಕ್ಕೇ ‘ಹೊತ್ತಾಯ್ತು, ಇಳಿಯಮ’ ಅನ್ನೋಕೆ ಶುರುಮಾಡಿದ್ರು. ರಂಗಪ್ಪನ ಗುಡಿಯ ಬಂಡೆಯ ಅಂಚಿನಲ್ಲಿ ನಿಂತರೆ ಕೆಳಗೆ ಸಾಲುಸಾಲು ಕಾಡು. ನಾನು ಅಲ್ಲಿ ನಿಂತು ಸಿಗ್ನಲ್ ಎಷ್ಟು ಕಡ್ಡಿ ಇದೆ ಅಂತ ನೋಡ್ತಿದ್ದೆ. ಅವ್ವ ಡಬ್ಬಿಗೆ ಮಂಗ ಕೈಹಾಕದ ಹಾಗೆ ಕಾಯ್ತಾ ಕೂತಿದ್ದಳು. ಅಪ್ಪನ ಕಣ್ಣು ಪಾರ್ಕಿಂಗ್ ಕಡೆ. ಒಂದು ಫೋಟೋ ಇದೆ, ಮೂವರೂ ನಗ್ತಿದ್ದೀವಿ. ಫೋಟೋ ನೋಡಿದರೆ ರಜೆ ಅನ್ನಿಸುತ್ತೆ.

ಅವ್ವ ಕೂತು ಉಂಡಳು

ಭಾನುವಾರ ಕೊಳ್ಳೇಗಾಲ ಬಿಟ್ಟು ಮಧುವನಹಳ್ಳಿ, ಕಾಮಗೆರೆ, ಹನೂರು. ಹನೂರಿಗೆ ಸುಮಾರು 25 ಕಿಲೋಮೀಟರು. ಈಗ ಅದು ಬೇರೆ ತಾಲ್ಲೂಕು, ನಮ್ಮ ಬಾಯಲ್ಲಿ ಇನ್ನೂ ಕೊಳ್ಳೇಗಾಲ ತಾಲ್ಲೂಕೇ. ಅಲ್ಲಿಂದ ಕೌದಳ್ಳಿ, ತಾಳಬೆಟ್ಟ. ಘಾಟಿಯಲ್ಲಿ ಕಾರು ಓಡಿಸಿದ್ದು ನಾನೇ, ಆದರೆ ಓಡಿಸಿದೆ ಅಂತ ಹೇಳೋಕಾಗಲ್ಲ. ‘ಸೆಕೆಂಡಿಗ ಹಾಕು. ಹಾರ್ನ್ ಮಾಡು. ಮುಂದ ತಿರುವು ಅದ, ವಸಿ ನಿಧಾನ್ಕ ಹೋಗು ಮಗ.’ ಪ್ರತಿ ತಿರುವಿಗೂ ಮ್ಯಾಟ್ ಮೇಲೆ ಕಾಲು.

ಬೆಟ್ಟದಲ್ಲಿ ಜನವೋ ಜನ. ರೂಮು ಮೊದಲೇ ಮಾಡಿಸಿದ್ದರಿಂದ ಬಚಾವ್, ಲಾಂಗ್ ವೀಕೆಂಡಿನಲ್ಲಿ ಹೋಗುವವರು ಇದನ್ನ ಮರೆಯಬೇಡಿ. ಹುಲಿಯ ಮೇಲೆ ಕೂತ ಮಾದಪ್ಪನ 108 ಅಡಿ ಪ್ರತಿಮೆ ಆದಮೇಲೆ ಅವ್ವ ಬಂದಿರಲಿಲ್ಲ. ತಲೆ ಎತ್ತಿ ನೋಡಿ ‘ಉಘೇ ಮಾದಪ್ಪ’ ಅಂದಳು, ಆಮೇಲೆ ಅಷ್ಟೇ ದೊಡ್ಡ ದನಿಯಲ್ಲಿ ನನ್ನ ಮದುವೆಯ ಹರಕೆ ಹೊತ್ತಳು. ಸುತ್ತಲಿನ ನಾಲ್ಕು ಜನ ತಿರುಗಿ ನನ್ನನ್ನು ನೋಡಿದರು.

ದರ್ಶನ ಮುಗಿಸಿ ದಾಸೋಹಕ್ಕೆ ಹೋದೆವು. ಅವ್ವನ ಡಬ್ಬಿಯ ಮೊಸರನ್ನ ಆ ಹೊತ್ತಿಗೆ ಹುಳಿ ಬಂದಿತ್ತು, ಬೇರೆ ದಾರಿ ಇರಲಿಲ್ಲ. ಸಾಲಿನಲ್ಲಿ ಕೂತೆವು. ಬಡಿಸೋರು ಅನ್ನ ಹಾಕಿದರು, ಸಾರು ಹಾಕಿದರು. ಅವ್ವ ಮೊದಲು ಅಭ್ಯಾಸದಂತೆ ಅಪ್ಪನ ತಟ್ಟೆ ನೋಡಿದಳು, ಸಾರು ಬಿದ್ದಿದೆಯಾ ಅಂತ. ಬಿದ್ದಿತ್ತು. ನನ್ನ ತಟ್ಟೆ ನೋಡಿದಳು. ಅಲ್ಲೂ ಬಿದ್ದಿತ್ತು. ಇನ್ನು ಅವಳು ಮಾಡೋಕೆ ಏನೂ ಉಳಿದಿರಲಿಲ್ಲ. ಬಡಿಸುವವನೊಬ್ಬ ಬಕೆಟ್ ಹಿಡಿದು ಬಂದು, ‘ಇನ್ನೊಸಿ ಹಾಕ್ಲಾ ತಾಯಿ?’ ಅಂದ. ಅವ್ವ ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. ಮನೆಯಲ್ಲಿ ಆ ಮಾತನ್ನ ದಿನಾ ಹೇಳೋಳು ಅವಳು, ಕೇಳಿಸಿಕೊಳ್ಳೋರು ನಾವು. ಆಮೇಲೆ ‘ಹಾಕಪ್ಪ’ ಅಂದಳು.

ಅವ್ವ ನಿಧಾನಕ್ಕೆ, ಬೆನ್ನು ಸಡಿಲ ಬಿಟ್ಟುಕೊಂಡು, ಎರಡು ಸಲ ಹಾಕಿಸಿಕೊಂಡು ಉಂಡಳು. ನಾವು ಮುಗಿಸಿ ಕಾಯುತ್ತಿದ್ದರೂ ಅವಸರ ಮಾಡಲಿಲ್ಲ. ಹೊರಗೆ ಬಂದು ಕೈ ಒರೆಸಿಕೊಳ್ತಾ ಹೇಳಿದಳು, ‘ಸಾರು ಚೆನ್ನಾಗದ. ನಾನ್ ಮಾಡಿಲ್ವಲ್ಲ, ಅದುಕ್ಕ.’

ಅವ್ವನ ರಜೆ ಅಲ್ಲಿ ಶುರುವಾಯ್ತು ಅಂತ ನನಗೆ ಆಗ ಹೊಳೆಯಲಿಲ್ಲ, ರಾತ್ರಿ ಹೊಳೆಯಿತು.

ರಾತ್ರಿ ಎರಡೂಕಾಲು

ರೂಮಿನಲ್ಲಿ ಮೂವರೂ ಮಲಗಿದ್ದೆವು. ಎರಡೂಕಾಲಿಗೆ ಫೋನ್ ಬಡಿದುಕೊಂಡಿತು. ಅಲರ್ಟ್. ಕತ್ತಲಲ್ಲೇ ಲ್ಯಾಪ್‌ಟಾಪ್ ತೆಗೆದು, ಹಾಟ್‌ಸ್ಪಾಟ್ ಹಿಡಿಯಲಿ ಅಂತ ಕಿಟಕಿ ಹತ್ತಿರ ಕೂತೆ. ಸ್ಕ್ರೀನಿನ ಬೆಳಕಿಗೆ ಅವ್ವ ಎದ್ದಳು. ಐಸಿಯು ಹೊರಗೆ ನೋಡ್ತಿದ್ದ ಹಾಗೆಯೇ ನೋಡಿದಳು. ಈ ಸಲ ಮಾತಾಡಿದಳು.

‘ನಿಮ್ಮಪ್ಪನೂ ಹಿಂಗೇ. ಡ್ಯೂಟಿ ಇಲ್ದಿದ್ ರಾತ್ರಿನೂ ಮೂರ್ ಗಂಟ್ಗ ಎದ್ದು ಕೂತ್ಕಳ್ಳೋರು. ಬಸ್ಸು ಹೊರಡಾಕ ಹೊತ್ತಾಯ್ತು ಅನ್ನೋರು. ಬೇರೆ ಡ್ರೈವರ್ ಅವರೆ ಮಲಿಕಳಿ ಅಂದ್ರ, ಅವನು ತಾಳಬೆಟ್ಟದ ತಿರುವಲ್ಲಿ ಹೆಂಗ್ ಓಡಿಸ್ತಾನೋ ಅನ್ನೋರು. ಆ ಬಸ್ಸೇನ್ ಬಿದ್ದೋಗಿತ್ತ ಯಾವತ್ತಾರ?’

ನಾನು ಸ್ಕ್ರೀನ್ ನೋಡಿದೆ. ಪಟ್ಟಿಯಲ್ಲಿ ಮೊದಲ ಹೆಸರು ಬೇರೆಯವನದು. ಅವನು ಆಗಲೇ ಎದ್ದು ನೋಡ್ತಿದ್ದ, ಲಾಗ್ ಇನ್ ಆಗಿದ್ದು ಕಾಣ್ತಿತ್ತು. ಅವನ ಮೇಲೆ ನನಗೆ ನಂಬಿಕೆ ಇರಲಿಲ್ಲ ಅಂತಲ್ಲ. ಅವನಿಗೆ ಬಿಟ್ಟುಕೊಟ್ಟರೂ ನಡೆಯುತ್ತೆ ಅನ್ನೋದೇ ನನಗೆ ಎಲ್ಲೋ ಒಳಗೆ ಇಷ್ಟವಿರಲಿಲ್ಲ. ಒಪ್ಪಿಕೊಳ್ಳೋಕೆ ನಾಚಿಕೆ, ಆದರೆ ಸತ್ಯ ಅದೇ. ‘ನಾಳೆ ರಾತ್ರಿವರೆಗೆ ನನಗೆ ನೆಟ್‌ವರ್ಕ್ ಇರಲ್ಲ, ಸೆಕೆಂಡರಿ ಬೇರೆಯವರಿಗೆ ಕೊಡ್ತೀಯಾ?’ ಅಂತ ಟೈಪ್ ಮಾಡಿದೆ. ಕಳಿಸೋಕೆ ಮುಂಚೆ ಎರಡು ಸಲ ಅಳಿಸಿದೆ. ಕೊನೆಗೆ ಕಳಿಸಿದೆ. ಅರ್ಧ ನಿಮಿಷದಲ್ಲಿ ಉತ್ತರ: ‘ಓಕೆ ಬ್ರೋ, ನಾವ್ ನೋಡ್ಕೋತೀವಿ. ಅಂಕಲ್‌ನ ಕೇಳ್ದೆ ಅನ್ನು.’

ಇಷ್ಟೇ. ಎಂಟು ತಿಂಗಳ ಹಿಂದೆ ಆ ಆಸ್ಪತ್ರೆ ಬೆಂಚಿನ ಮೇಲೆ ಬೇಕಾಗಿದ್ದೂ ಇಷ್ಟೇ.

ಮುಂದೆ ಯಾವುದು, ಹಿಂದೆ ಯಾವುದು?

ಸೋಮವಾರ ಬೆಟ್ಟ ಇಳಿದು ಪಾಲಾರ್ ಕಡೆ ಹೋಗಿ, ಅಲ್ಲಿ ಮುಖ್ಯರಸ್ತೆ ಬಿಟ್ಟು ಗೋಪಿನಾಥಂ ದಾರಿ ಹಿಡಿದೆವು. ವೀರಪ್ಪನ್ ಹುಟ್ಟಿದ ಊರು ಅಂತ ಎಲ್ಲರಿಗೂ ಗೊತ್ತಿರೋ ಗೋಪಿನಾಥಂ. ಅಲ್ಲಿಯ ಮಾರಿಯಮ್ಮನ ಗುಡಿಯನ್ನು ಕಟ್ಟಿಸಿದ್ದು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್. ಊರವರ ನಡುವೆಯೇ ಇದ್ದು, ಅವರಿಗಾಗಿ ದುಡಿದು, 1991ರ ನವೆಂಬರ್ 10ರಂದು ವೀರಪ್ಪನ್ ಕೈಯಲ್ಲಿ ಕೊಲೆಯಾದವರು. ಅಪ್ಪ ಗುಡಿ ಮುಂದೆ ಚಪ್ಪಲಿ ಬಿಟ್ಟು ಕೈಮುಗಿದರು. ಇಷ್ಟು ವರ್ಷ ಬೆಟ್ಟದವರೆಗೆ ಬಸ್ಸು ತಂದವರು, ಅಲ್ಲಿಂದ ಮುಂದಕ್ಕೆ ಒಮ್ಮೆಯೂ ಬಂದಿರಲಿಲ್ಲವಂತೆ.

ಅಲ್ಲಿಂದ ಮುಂದೆ ಹೊಗೇನಕಲ್. ನೀರು ಬಿದ್ದು ಹೊಗೆಯಂತೆ ಏಳುವ ಕಲ್ಲು, ಹೆಸರಿನಲ್ಲೇ ಎಲ್ಲ ಇದೆ. ಆಚೆ ದಡ ತಮಿಳುನಾಡು, ಈಚೆ ದಡ ನಮ್ಮ ಹನೂರು ತಾಲ್ಲೂಕು. ಮಳೆಗಾಲದಲ್ಲಿ ಮೇಲಿನ ಅಣೆಕಟ್ಟುಗಳಿಂದ ಹೆಚ್ಚು ನೀರು ಬಿಟ್ಟಾಗ ತೆಪ್ಪ ನಿಲ್ಲಿಸಿಬಿಡ್ತಾರೆ, ವಿಚಾರಿಸಿಕೊಂಡೇ ಹೋಗಬೇಕು. ಜನವರಿಯಲ್ಲಿ ಹೊಳೆ ತಣ್ಣಗಿತ್ತು.

ನನ್ನ ಫೋನಿನಲ್ಲಿ ಸಿಗ್ನಲ್ ಆಗಲೇ ಹೋಗಿತ್ತು. ತೆಗೆದು ಕಾರಿನಲ್ಲೇ ಇಟ್ಟೆ.

ತೆಪ್ಪ ಗೊತ್ತಲ್ಲ? ಬಿದಿರಿನ ಸೀಳಿನಿಂದ ಹೆಣೆದ ದೊಡ್ಡ ಬುಟ್ಟಿ. ಹಿಂದೆ ಅಡಿಗೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಟಾರು. ಒಂದು ಹುಟ್ಟು, ಒಬ್ಬ ಮನುಷ್ಯ. ಅಪ್ಪ ಲೈಫ್ ಜಾಕೆಟ್ಟಿನ ಬಕಲ್ ಎರಡೆರಡು ಸಲ ಎಳೆದು ನೋಡಿದರು. ಆಮೇಲೆ ತೆಪ್ಪದ ಸುತ್ತ ಒಂದು ಸುತ್ತು ಬಂದು, ಬಸ್ ಡಿಪೊದಲ್ಲಿ ಗಾಡಿ ತಗೊಳ್ಳೋ ಮೊದಲು ನೋಡುವ ಹಾಗೆ ನೋಡಿ, ತೆಪ್ಪದವನನ್ನು ಕೇಳಿದರು:

‘ಇದರಲಿ ಮುಂದ ಯಾವುದು, ಹಿಂದ ಯಾವುದು?’

ಆತ ನಕ್ಕ. ತಮಿಳಿನ ರಾಗದ ಕನ್ನಡ. ‘ಎಲ್ಲಾ ಮುಂದೇನೇ ಯಜಮಾನ್ರೇ.’

‘ಬ್ರೇಕು?’

‘ನೀರಿಗೆ ಬ್ರೇಕ್ ಎಲ್ಲಿ? ಕೂತ್ಕೊಳ್ಳಿ, ನಾನಿದೀನಲ್ಲ.’

ಕೂತೆವು, ಭಾರ ಸಮ ಆಗೋ ಹಾಗೆ ಸುತ್ತಲೂ. ತೆಪ್ಪ ದಡ ಬಿಟ್ಟಿತು. ಅಪ್ಪನ ಬಲಗಾಲು ಬಿದಿರಿನ ಮೇಲೆ ಒತ್ತಿಕೊಂಡಿತ್ತು, ನಾನು ಅದನ್ನೇ ನೋಡ್ತಿದ್ದೆ. ಬಂಡೆಯ ಹತ್ತಿರ ಹೋದಾಗ ಒತ್ತಿತು. ನೀರು ಸೆಳೆದಾಗ ಒತ್ತಿತು. ಆದರೆ ಒತ್ತಿದ್ದಕ್ಕೂ ತೆಪ್ಪಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆತ ಹುಟ್ಟನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಹಾಕ್ತಾ ಬಂಡೆಯನ್ನು ಒಂದು ಮೊಳ ದೂರದಲ್ಲಿ ತಪ್ಪಿಸಿಬಿಡ್ತಿದ್ದ. ಅಪ್ಪ ಆತನ ಕೈಯನ್ನೇ ಗಮನಿಸೋಕೆ ಶುರುಮಾಡಿದರು. ಒಬ್ಬ ಡ್ರೈವರ್ ಇನ್ನೊಬ್ಬ ಡ್ರೈವರನ್ನು ನೋಡೋ ನೋಟ.

‘ಎಷ್ಟ್ ವರ್ಷಾಯ್ತಪ್ಪ?’

‘ಚಿಕ್ಕೋನಿದ್ದಾಗಿಂದ. ನಮ್ಮಪ್ಪನೂ ಇದೇ.’

‘ಯಾವತ್ತಾರ ಮಗುಚದ?’

‘ಮಗುಚಿದ್ರೆ ನೀವ್ ಕೇಳೋಕೆ ನಾನ್ ಇರ್ತಿದ್ನಾ?’

ಅಪ್ಪ ಜೋರಾಗಿ ನಕ್ಕರು. ಎರಡೂ ಕಡೆ ಕಲ್ಲಿನ ಗೋಡೆ ಎದ್ದಿರೋ ಜಾಗ ಅದು, ನಗು ತಿರುಗಿ ಬಂತು. ನೀರು ಅಲ್ಲಿ ಆಳ, ನಿಧಾನ. ಆತ ‘ಒಂದ್ ರೌಂಡ್ ಸುತ್ತಿಸ್ಲಾ?’ ಅಂದ. ಅವ್ವ ‘ಬ್ಯಾಡ ಕಣಪ್ಪ, ಅವ್ರಿಗ ಹಾರ್ಟಿಂದು’ ಅಂದಳು. ಅಪ್ಪ ‘ಮೆಲ್ಲಕ ಒಂದ್ ಸುತ್ತು ಸುತ್ಸು’ ಅಂದರು. ಆತ ಮೆಲ್ಲಗೆ, ದೇವರ ರಥ ತಿರುಗಿಸುವ ಹಾಗೆ ತಿರುಗಿಸಿದ. ಬಂಡೆ, ಆಕಾಶ, ಜಲಪಾತದ ಹೊಗೆ, ಮತ್ತೆ ಬಂಡೆ. ಅಪ್ಪ ಎರಡೂ ಕಾಲು ಚಾಚಿ, ತೆಪ್ಪದ ಅಂಚಿಗೆ ಬೆನ್ನು ಕೊಟ್ಟು, ತಲೆ ಹಿಂದಕ್ಕೆ ಹಾಕಿ ಕೂತಿದ್ದರು. ಬಲಗಾಲಿನ ಬೆರಳು ಮೇಲಕ್ಕೆ ಮುಖ ಮಾಡಿತ್ತು.

ನಾನು ಮೂವತ್ತು ವರ್ಷದಲ್ಲಿ ಆ ಭಂಗಿಯನ್ನು ನೋಡಿರಲಿಲ್ಲ. ನನ್ನ ಕೈ ಪದೇಪದೇ ಜೇಬಿಗೆ ಹೋಗೋದು ನಿಂತು ಎಷ್ಟು ಹೊತ್ತಾಗಿತ್ತೋ, ಅದೂ ಗೊತ್ತಾಗಲಿಲ್ಲ.

ಹಡಗಿನಲ್ಲಿ ಸೂಟ್‌ಕೇಸ್ ಹೋದ ಮೇಲೆ, ದಾಸೋಹದಲ್ಲಿ ಬಕೆಟ್ ಬೇರೆಯವನ ಕೈಗೆ ಹೋದ ಮೇಲೆ, ಇಲ್ಲಿ ಹುಟ್ಟು ಇನ್ನೊಬ್ಬನ ಕೈಯಲ್ಲಿದ್ದಾಗ. ಯಾರ ಹೊರೆ ಯಾವುದೋ, ಅದನ್ನು ಬಲ್ಲವರೊಬ್ಬರು ತಗೊಂಡಿದ್ದಾರೆ ಅಂತ ಮೈಗೆ ನಂಬಿಕೆ ಬಂದ ಗಳಿಗೆಯೇ ರಜೆಯ ಮೊದಲ ಗಳಿಗೆ ಅಂತ ನನಗೀಗ ಅನ್ನಿಸುತ್ತೆ. ಅದಕ್ಕೆ ಎಂಟು ದಿನವೇ ಕಾಯಬೇಕು ಅಂತಿಲ್ಲ, ಹೊರಡೋ ಮೊದಲೇ ಕೊಟ್ಟು ಬರಬಹುದು. ಆನ್‌ಕಾಲ್ ಪಟ್ಟಿಯಿಂದ ಹೆಸರು ತೆಗೆಸೋದು, ಅವ್ವನಿಗೆ ಡಬ್ಬಿ ಕಟ್ಟಲು ಬಿಡದಿರೋದು, ಇವು ರೂಮ್ ಬುಕ್ ಮಾಡುವಷ್ಟೇ ಮುಖ್ಯ. ಮುಂದಿನ ಸಲ ಅಲ್ಲಿಂದ ಶುರುಮಾಡ್ತೀನಿ.

ವಾಪಸ್ ದಾರಿ

ದಡಕ್ಕೆ ಬಂದು, ಅಪ್ಪ ತೆಪ್ಪದವನ ಕೈ ಹಿಡಿದು ‘ಸಂದಾಗಿ ಓಡಿಸ್ತೀಯ’ ಅಂದರು. ಮೂವತ್ತೊಂದು ವರ್ಷದಲ್ಲಿ ಅವರಿಗೆ ಆ ಮಾತು ಎಷ್ಟು ಜನ ಪ್ರಯಾಣಿಕರು ಹೇಳಿದ್ದರೋ ಗೊತ್ತಿಲ್ಲ.

ಬೆಟ್ಟಕ್ಕೆ ಬರುವಷ್ಟರಲ್ಲಿ ಸಂಜೆ. ಘಾಟಿ ಇಳಿಯೋಕೆ ಶುರುಮಾಡಿದಾಗ ಬಲಗಾಲು ಮತ್ತೆ ಮ್ಯಾಟ್ ಮೇಲೆ ಬಂತು. ಅಷ್ಟು ಸುಲಭಕ್ಕೆ ಹೋಗೋ ಅಭ್ಯಾಸ ಅಲ್ಲ ಅಂದುಕೊಂಡೆ. ಸೆಕೆಂಡ್ ಗೇರ್, ಹಾರ್ನ್, ತಿರುವು. ಅಪ್ಪ ಏನೂ ಹೇಳಲಿಲ್ಲ. ತಾಳಬೆಟ್ಟ ಬಂತು, ಏನೂ ಹೇಳಲಿಲ್ಲ. ಕೌದಳ್ಳಿ ದಾಟಿದ ಮೇಲೆ ಎದುರಿನಿಂದ ಒಂದು ಬಸ್ಸು ಹೈ ಬೀಮ್ ಹಾಕಿಕೊಂಡು ಬಂತು. ನಾನು ಎಡಕ್ಕೆ ಸರಿದು ನಿಧಾನ ಮಾಡಿದೆ, ಬೈಗುಳ ಬರುತ್ತೆ ಅಂತ ಕಾದೆ. ಬರಲಿಲ್ಲ.

ತಿರುಗಿ ನೋಡಿದೆ. ಅಪ್ಪನ ತಲೆ ಕಿಟಕಿಗೆ ಒರಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಇನ್ನೊಬ್ಬರು ಓಡಿಸುವಾಗ ಅಪ್ಪ ನಿದ್ದೆ ಮಾಡಿದ್ದನ್ನು ನಾನು ನೋಡಿದ್ದೇ ಇಲ್ಲ. ಹಿಂದಿನ ಸೀಟಿನಿಂದ ಅವ್ವ ಮೆಲ್ಲಗೆ, ‘ಮಲಗವ್ರೆ, ಬುಡು’ ಅಂದಳು.

ಹನೂರಿನಿಂದ ಕೊಳ್ಳೇಗಾಲದವರೆಗೆ ನಾನು ಒಂದು ಸಲವೂ ಹಾರ್ನ್ ಮಾಡಲಿಲ್ಲ.